ಕಿಟೋಬೋ ಗುಡ್ಡದ ಉದ್ದದ ಸಾಲು

ಸ್ವಲ್ಪ ಸರಿದು ನಿಂತ್ಕೊಳ್ರಪ್ಪ, ನಿಮ್ಮೆದುರು ಇರೋದು ಸಾಮಾನ್ಯ ಆಸಾಮಿ ಅಲ್ಲ. ಕಿಟೋಬೋ ಗುಡ್ಡದ ಮೇಲೆ ಯೂನಿವರ್ಸಿಟಿ ಅಂತ ಎದ್ದು, ಅದರಲ್ಲಿ ಎಲೆಕ್ಷನ್ ಅಂತ ಶುರುವಾದಾಗಿಂದ, ಯಾವ ನನ್ಮಗನ ಹಿಂದೇನೂ ನಿಲ್ಲದಷ್ಟು ಉದ್ದದ ಸಾಲು ಈ ಮುಗಬಿ ಹಿಂದೆ ನಿಂತಿತ್ತು. ಮಾವಿನ ಮರದ ಹತ್ರ ಶುರುವಾಗಿ, ಗೇಟು ದಾಟಿ, ಕೆಳಗಿನ ಟಾರು ರಸ್ತೆ ಮುಟ್ಟಿತ್ತು. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದೋಗ್ಲಿ.

ನಮ್ಮಲ್ಲಿ ಓಟಿಗೆ ಚೀಟಿ ಗೀಟಿ ಇಲ್ಲ. ಹಳ್ಳೀಲಿ ಮುಖಂಡನ್ನ ಆರಿಸ್ದಂಗೇ ಇಲ್ಲೂ. ಅಭ್ಯರ್ಥಿಗಳು ಮುಂದೆ ನಿಲ್ಲೋದು, ಬೇಕಾದೋರ ಬೆನ್ನಿಂದೆ ಜನ ಸಾಲು ಕಟ್ಟೋದು. ಅಭ್ಯರ್ಥಿ ಹಿಂತಿರುಗಿ ನೋಡಂಗಿಲ್ಲ. ನೋಡಿದ್ರೆ ಹುಡುಗ್ರನ್ನ ಹೆದರಿಸಿದಂಗೆ ಅಂತ ಡೀನ್ ಕಿವುಂಬಿ ಸಾಹೇಬರ ಕಾನೂನು. ಸಾಹೇಬ್ರು ಮಾತ್ರ ಎದುರಿಗೇ ಕುರ್ಚಿ ಹಾಕ್ಕೊಂಡು, ಯಾರು ಯಾರ ಹಿಂದೆ ನಿಂತ್ರು ಅಂತ ಕಣ್ತುಂಬ ನೋಡಬಹುದು. ಅದು ಹೆದರಿಸಿದಂಗಲ್ಲ.

ನಾನು ವಿದ್ಯಾರ್ಥಿಗಳ ಅಧ್ಯಕ್ಷಗಿರಿಗೆ ನಿಂತಿದ್ದು ನಮ್ಮ ಡಮಾಲಿ ಅತ್ತೆ ಒಲೆಗೋಸ್ಕರ. ಗೇಟಿನ ಪಕ್ಕ ಅವಳದ್ದೂ ಇನ್ನೊಂದಷ್ಟು ಹೆಂಗಸರದ್ದೂ ತಗಡಿನ ಅಂಗಡಿಗಳು. ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಸಾರು, ಮೊಟ್ಟೆ ಸುತ್ತಿದ ಚಪಾತಿ. ಹಾಸ್ಟೆಲಿನ ಅರ್ಧ ಹೊಟ್ಟೆ ತುಂಬೋದೇ ಅಲ್ಲಿ. ಒಂದಿನ ಡೀನು ಬಂದು ಬೂಟುಗಾಲಲ್ಲಿ ಒಲೆಗಲ್ಲು ಜಾಡಿಸಿದ. ಪಾತ್ರೆ ಉರುಳಿ ಸಾರೆಲ್ಲ ಮಣ್ಣುಪಾಲು.

"ಯೂನಿವರ್ಸಿಟಿ ಮುಂದೆ ಏನ್ರೇ ಇದು ಹೊಗೆ, ಗಲೀಜು? ಹೊಸ ಬಿಲ್ಡಿಂಗ್ ನೋಡಕ್ಕೆ ದೊಡ್ಡೋರು ಬರ್ತಾರೆ. ಇಲ್ಲಿ ಹೂವಿನ ಗಿಡ ಬರಬೇಕು."

"ಸ್ವಾಮಿ, ನಿಮ್ಮ ಗೇಟು ನಿಂತಿರೋದೇ ನಮ್ಮ ಬಾಳೆ ತೋಟದ ಮೇಲೆ," ಅಂದ್ಲು ಅತ್ತೆ, ಚೆಲ್ಲಿದ್ದನ್ನ ಕೈಯಲ್ಲೇ ಬಳೀತಾ. "ತೋಟ ಹೋಯ್ತು. ಒಲೆಗಾದ್ರೂ ಜಾಗ ಬುಡಿ."

"ಅದನ್ನ ಸಭೆ ತೀರ್ಮಾನ ಮಾಡುತ್ತೆ. ವಿದ್ಯಾರ್ಥಿಗಳ ಅಧ್ಯಕ್ಷನೂ ಇರ್ತಾನೆ ಸಭೇಲಿ. ಸೌಟು ಹಿಡ್ದೋರಿಗೆ ಅಲ್ಲಿ ಕುರ್ಚಿ ಇಲ್ಲ."

"ಹಂಗಾದ್ರೆ ನಮ್ಮ ಮುಗಬೀನ ಕೂರುಸ್ತೀವಿ."

ಡೀನು ಹೊಟ್ಟೆ ಕುಣಿಸಿ ನಕ್ಕ. "ಆ ವಿಡಿಯೋ ಹಾಲಿನ ಕೋತಿನಾ!"

ಕೋತಿ ಅಂದಿದ್ದು ತಪ್ಪೇನಲ್ಲ. ಕಾಲೇಜು ಸೇರೋ ಮುಂಚೆ ನಾನು ಊರಿನ ವಿಡಿಯೋ ಹಾಲಲ್ಲಿ ಮೈಕು ಹಿಡಿದು, ಇಂಗ್ಲಿಷ್ ಪಿಚ್ಚರ್ ಮೇಲೆ ನಮ್ಮ ಭಾಷೇಲಿ ಡೈಲಾಗು ಹೊಡೀತಿದ್ದೋನು. ಹೀರೋ ಒಂದು ಮಾತಾಡಿದ್ರೆ ನಾನು ಹತ್ತು. ಹೀರೋ ಸತ್ರೂ ನನ್ನ ಮಾತು ನಿಲ್ತಿರಲಿಲ್ಲ.

ಪ್ರಚಾರಕ್ಕೆ ಅದೇ ಗಂಟಲು ಸಾಕಾಯ್ತು. ಹಾಸ್ಟೆಲ್ ಮುಂದೆ ಬಕೆಟ್ ಬೋರಲು ಹಾಕಿ ಹತ್ತಿ ನಿಂತು, "ವಿಲನ್ನು ಎಷ್ಟು ಎತ್ತರದ ಗೇಟಾದ್ರೂ ಕಟ್ಲಿ! ಹೀರೋ ಗೇಟಲ್ಲಿ ಬರಲ್ಲ, ಗೋಡೆ ಒಡ್ಕೊಂಡ್ ಬರ್ತಾನೆ!" ಅಂತಿದ್ದೆ. ಹುಡುಗ್ರು ಶಿಳ್ಳೆ ಹೊಡೆದು ಅತ್ತೆ ಅಂಗಡಿಗೆ ನುಗ್ಗೋರು. ಅತ್ತೆ ಬಡಿಸ್ತಾ ಬಡಿಸ್ತಾ, "ತಿನ್ರೋ ಮುಂಡೇವಾ, ತಿಂದು ನಮ್ಮ ಹುಡುಗುನ್ ಹಿಂದೆ ನಿಂತ್ಕೊಳ್ರೋ" ಅನ್ನೋಳು. "ನಿಮ್ಮ ಸಾರಿನಾಣೆ ಆಂಟಿ!" ಅಂತ ಬೆರಳು ನೆಕ್ಕೋರು.

ಎದುರಾಳಿ ಟ್ರೆವರ್. ಹೊಸ ಬಿಲ್ಡಿಂಗಿನ ಗುತ್ತಿಗೆದಾರನ ಮಗ. ಅವನಿಗೆ ಡೈಲಾಗೂ ಬೇಕಿರಲಿಲ್ಲ, ಸಾರೂ ಬೇಕಿರಲಿಲ್ಲ.

ಓಟಿನ ದಿನ ಬೆಳಿಗ್ಗೆ ನೋಡಿದ್ರೆ ನೆಲ ಸಮ ಮಾಡೋ ಹಳದಿ ಯಂತ್ರ ಆಗಲೇ ಬಂದು ಮಾವಿನ ಮರದ ಪಕ್ಕ, ಅಂಗಡಿಗಳಿಗೆ ಮುಖ ಮಾಡ್ಕೊಂಡು ಗುರ್ ಅಂತ ನಿಂತಿದೆ. ಸಭೆ ಇದ್ದಿದ್ದು ಸಂಜೆಗೆ.

ನಮ್ಮಿಬ್ಬರನ್ನೂ ಮರದಡಿ ನಿಲ್ಲಿಸಿ ಡೀನು ಕುರ್ಚೀಲಿ ಕೂತು ಎಲ್ಲರಿಗೂ ಕೇಳಂಗೆ ಅಂದ: "ಮಕ್ಕಳೇ, ಇದು ಪ್ರಜಾಪ್ರಭುತ್ವ. ಯಾರ ಹಿಂದೆ ಬೇಕಾದ್ರೂ ನಿಂತ್ಕೊಳ್ಳಿ. ಹೊಸ ಹಾಸ್ಟೆಲಿನ ರೂಮು ಹಂಚೋನು ನಾನೇ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ದಬದಬ ಹೆಜ್ಜೆ ಸದ್ದು. ನನ್ನ ಬೆನ್ನಿಂದೆ ಮಾತ್ರ ಗಾಳಿ. ಕತ್ತು ಕೆರೀತಿತ್ತು, ತಿರುಗಂಗಿಲ್ಲ. ಆಮೇಲೆ ಹಿಂದೆ ಯಾರೋ ಬಂದು ನಿಂತ್ರು. ಇನ್ನೊಬ್ರು. ಆಮೇಲೆ ಗುಂಪು ಗುಂಪು. ಹೊಗೆ ವಾಸನೆ, ಸಿಮೆಂಟಿನ ವಾಸನೆ, ಬೆವರು. ಹಾಸ್ಟೆಲಲ್ಲಿ ನೀರಿಲ್ಲ, ಹುಡುಗ್ರು ಸ್ನಾನ ಮಾಡಿಲ್ಲ ಪಾಪ ಅನ್ಕೊಂಡೆ. ಯಾರೋ ಹಾಡು ಎತ್ತಿದ್ರು, ಆ ಹಾಡು ರಸ್ತೆವರೆಗೂ ಹೋಯ್ತು. ಡೀನು ಮುಖ ಹುಳಿ ತಿಂದಂಗೆ ಆಯ್ತು. ನಾನು ಎದೆ ಉಬ್ಬಿಸಿ ಟ್ರೆವರ್‌ಗೆ ಕಣ್ಣು ಹೊಡೆದೆ. "ಮಗನೇ, ಇಂಟರ್ವಲ್ ಮುಗೀತು. ಇನ್ನು ಫೈಟು."

ಡೀನು ಎದ್ದ. "ಟ್ರೆವರ್, ನಾನೂರ ಹನ್ನೆರಡು. ಮುಗಬಿ, ಸೊನ್ನೆ."

"ಸಾರ್, ಕಣ್ಣಾಸ್ಪತ್ರೆಗೆ ಹೋಗಿ ಬನ್ನಿ ಸಾರ್!"

"ಈಗ ತಿರುಗು. ನೋಡ್ಕೋ."

ತಿರುಗಿದೆ. ಮುಂದೆ ಅತ್ತೆ, ಕೈಲಿ ಸೌಟು. ಅವಳ ಹಿಂದೆ ಚಪಾತಿ ಲಟ್ಟಿಸೋರು, ಇಟ್ಟಿಗೆ ಹೊರೋರು, ಕಕ್ಕಸು ಗುಂಡಿ ತೋಡೋರು, ಕೂಸು ಬೆನ್ನಿಗೆ ಕಟ್ಕೊಂಡೋರು. ವಿದ್ಯಾರ್ಥಿ ಅನ್ನೋ ಪ್ರಾಣಿ ಒಂದೂ ಇಲ್ಲ. ನನ್ನ ರೂಮಿನೋರು ಟ್ರೆವರ್ ಹಿಂದೆ ನಿಂತು ಚಪ್ಪಲಿ ನೋಡ್ಕೊತಿದ್ರು.

"ಬಾಯಿ ಮುಚ್ಚೋ, ನೊಣ ಹೋದಾತು," ಅಂದ್ಲು ಅತ್ತೆ.

"ಹೋಗ್ರೇ ಮನೆಗೆ!" ಡೀನು ಅರಚಿದ. "ನಿಮಗಿಲ್ಲಿ ಓಟಿಲ್ಲ!"

"ಓಟು ಯಾವನ್ ಕೇಳ್ದ? ನೀವು ಎಣಿಸ್ಬೇಡಿ ಸ್ವಾಮಿ. ನಾವು ಸುಮ್ನೆ ನಿಂತಿರ್ತೀವಿ." ಸಾಲು ನಿಂತಿದ್ದದ್ದು ಅಂಗಡಿಗಳಿಗೂ ಯಂತ್ರಕ್ಕೂ ಸರಿಯಾಗಿ ಮಧ್ಯೆ. ಅತ್ತೆ ಡ್ರೈವರ್ ಕಡೆ ಸೌಟು ತೋರಿಸಿದ್ಲು. "ಬೆಳಿಗ್ಗೆ ನನ್ ಕೈಲಿ ತಿಂದಿದ್ಯಲ್ಲೋ ಬೇವರ್ಸಿ, ಓಡ್ಸು ನೋಡನ."

"ಓಡ್ಸಯ್ಯ!" ಅಂದ ಡೀನು.

ಡ್ರೈವರ್ ಇಬ್ರ ಮುಖಾನೂ ನೋಡ್ದ. ಯಂತ್ರದ ಬ್ಲೇಡು ಒಂದು ಮೊಳ ಮೇಲೆದ್ದು ಅಲ್ಲೇ ನಿಂತ್ಕೊಂತು.

ಸಾಲಿನ ವಿಷಯ ಸುಳ್ಳಲ್ಲ ನೋಡಿ, ಟಾರು ರಸ್ತೆವರೆಗೂ ಇತ್ತು. ಆದ್ರೆ ನನ್ನ ಹಿಂದೆ ಅಂದ್ನಲ್ಲ, ಅದು ಪೂರ್ತಿ ನಿಜ ಅಲ್ಲ. ಬ್ಲೇಡು ಎದ್ದಾಗ ಅದಕ್ಕೆ ಎಲ್ರಿಗಿಂತ ಹತ್ರ ಇದ್ದೋನು ನಾನು. ಒಂದು ಡೈಲಾಗೂ ಬಾಯಿಗೆ ಬರಲಿಲ್ಲ. ಕಾಲು ತಾನಾಗೇ ಪಕ್ಕಕ್ಕೆ ಸರೀತು.

ಅತ್ತೆ ಬೈಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ನಾನಿದ್ದ ಜಾಗದಲ್ಲಿ ನಿಂತ್ಕೊಂಡ್ಲು. "ಓಡೋಗ್ಬೇಡ ಮಗ. ಹಿಂದೆ ಜಾಗ ಐತೆ, ಹೋಗಿ ನಿಂತ್ಕೋ."

ಸಾಲಿನ ಪಕ್ಕದಲ್ಲೇ ನಡ್ಕೊಂಡು ರಸ್ತೆವರೆಗೂ ಬಂದು, ಕಟ್ಟಕಡೇಲಿ ನಿಂತೆ. ಮುಂದೆ ಇಟ್ಟಿಗೆ ಹೊರೋ ಒಬ್ಬನ ಬೆನ್ನು. ಇಲ್ಲಿಂದ ಯಂತ್ರ ಕಾಣಲ್ಲ. ಅದರ ಸದ್ದು ಕೇಳುತ್ತೆ, ಇನ್ನೂ ನಿಂತಿಲ್ಲ.