ಮಕ್ಕಳ ಕಳ್ಳ

ನನ್ನ ಗೊಂಬೆ ಕಳ್ಳ, ನಿಜ. ಆದರೆ ಅವನು ಕದಿಯೋದು ಬರೀ ಕುಂಬಳಕಾಯಿ. ಪ್ರತಿ ಕಂತಿನಲ್ಲೂ ಒಂದು ಕಾಯಿ ಎಗರಿಸ್ತಾನೆ. "ಯಾರೋ ಕಳ್ಳ?" ಅಂತ ಯಾರಾದರೂ ಕೂಗಿದ ತಕ್ಷಣ ತಾನೇ ಹೆಗಲು ಮುಟ್ಟಿ ನೋಡ್ಕೊಂಡು ಸಿಕ್ಕಿಬೀಳ್ತಾನೆ. ಪೆದ್ದ! ಅವನನ್ನು ಹೊಲಿದವಳೂ ನಾನೇ, ಅವನ ದನಿಯೂ ನಾನೇ. ಸಂಜೆ ಟಿವಿಯಲ್ಲಿ 'ಕುಂಬಳಕಾಯಿ ಕಳ್ಳ' ಶುರುವಾದರೆ ನನ್ನ ತಂಗಿ ಮಗಳು ಬಾಯಲ್ಲಿರೋ ತುತ್ತು ನುಂಗೋದನ್ನೂ ಮರೀತಿದ್ದಳು.

ಅಷ್ಟರಲ್ಲಿ ನಮ್ಮ ಚಾನೆಲ್‌ಗೆ ಹೊಸ ಬುದ್ಧಿ ಬಂತು. ಕಾರ್ಯಕ್ರಮಗಳನ್ನು ಬಿಡಿಬಿಡಿಯಾಗಿ ಇಡೋದು ಬೇಡ, ಮಕ್ಕಳದ್ದು ಒಂದು ಬ್ಲಾಕ್, ಅಪರಾಧದ್ದು ಒಂದು ಬ್ಲಾಕ್ ಅಂತ ಮಾಡಿ ಬೇರೆ ಚಾನೆಲ್‌ಗಳಿಗೂ ಹಂಚೋದು. ಹೊಂದದೆ ಇದ್ದದ್ದು ಬಂದ್. ವಿಂಗಡಿಸೋಕೆ ಬಂದ ಸಾಹೇಬರು ಬ್ಲಾಕ್ ಅಂದರು, ನಾವು ಡಬ್ಬಿ ಅಂದ್ವಿ. ಅವರಿಗೆ ಡಬ್ಬಿ ಸಾಹೇಬ್ರು ಅಂತಲೇ ಹೆಸರಾಯ್ತು.

ಪುಣ್ಯಾತ್ಮ ಒಂದೇ ಒಂದು ಕಂತೂ ನೋಡಲಿಲ್ಲ. ಹೆಸರುಗಳನ್ನು ಕಂಪ್ಯೂಟರಿಗೆ ಕೊಟ್ಟರು, ಅದು ಪದ ಹುಡುಕಿ ಡಬ್ಬಿಗೆ ಹಾಕಿತು. 'ಕಳ್ಳ' ಇದೆ ಅಂತ ನನ್ನ ಗೊಂಬೆ ಕೊಲೆ ದರೋಡೆಗಳ ಡಬ್ಬಿಗೆ ಹೋಯ್ತು. ಸಂಜೆ ಮಕ್ಕಳ ಹೊತ್ತಿಗೆ ಯಾರು ಬಂದರು ಅಂತೀರಿ? 'ಹೆಣ್ಣುಮಕ್ಕಳ ಆರೋಗ್ಯ'! ಮುಟ್ಟು ನಿಲ್ಲೋ ವಯಸ್ಸಿನವರಿಗೆ ಡಾಕ್ಟರಮ್ಮ ಕೊಡೋ ಸಲಹೆ. ಹೆಸರಲ್ಲಿ 'ಮಕ್ಕಳ' ಇದೆಯಲ್ಲ!

ಸೀದಾ ಸಾಹೇಬರ ಕೋಣೆಗೆ ನುಗ್ಗಿದೆ.

"ಸಾರ್, ನಮ್ಮಜ್ಜಿಗೂ ಹೆಣ್ಣುಮಗಳು ಅಂತಾರೆ. ಹಾಗಂತ ತೊಟ್ಟಿಲಲ್ಲಿ ಹಾಕಿ ತೂಗ್ತೀರಾ?"

"ಪದ ಇದೆ ಅಲ್ವೇನಮ್ಮ?"

"ನನ್ನ ಗೊಂಬೇನ ಒಂದ್ಸಲನಾದ್ರೂ ನೋಡಿದೀರಾ?"

"ನೋಡ್ತಾ ಕೂತ್ರೆ ವಿಂಗಡಿಸೋದು ಯಾವಾಗ?"

"ಆ ಕೊಲೆ ದರೋಡೆ ಮಧ್ಯೆ ಅವನನ್ನ ಯಾವ ಮಗು ನೋಡುತ್ತೆ ಸಾರ್? ಆಮೇಲೆ ನೀವೇ ಬಂದ್ ಮಾಡ್ತೀರಿ." ಜಗಳಕ್ಕೆ ಹೋದವಳು ಕೈ ಮುಗಿದೆ. ಆ ಗೊಂಬೆ ಬಿಟ್ಟರೆ ನನಗೆ ಬೇರೆ ಕೆಲಸ ಗೊತ್ತಿಲ್ಲ, ಬೇಕಾಗೂ ಇಲ್ಲ.

ಸಾಹೇಬರಿಗೆ ಕರುಣೆ ಬಂತು. ಅದೇ ನನ್ನ ಗ್ರಹಚಾರ.

"ಅಷ್ಟೇ ತಾನೆ? ಹೆಸರಿಗೆ 'ಮಕ್ಕಳ' ಅಂತ ಸೇರಿಸಿ. ಮಕ್ಕಳ ಕುಂಬಳಕಾಯಿ ಕಳ್ಳ."

ಪರದೆಯ ಮೇಲೆ ಹೆಸರು ಹಾಕುವವನು ಅಲ್ಲೇ ಇದ್ದ. ಅಷ್ಟುದ್ದ ಹಿಡಿಸಲ್ಲ ಅಂದ.

"ಹಾಗಾದ್ರೆ ಮಧ್ಯದ ತರಕಾರಿ ತೆಗೀರಿ!"

"ಸಾರ್, ದಮ್ಮಯ್ಯ, ಒಂದ್ಸಲ ಓದಿ ನೋಡಿ!"

"ಓದಿದೆನಲ್ಲ. ಈಗ ಮಕ್ಕಳ ಡಬ್ಬೀಲಿ ಸರಿಯಾಗಿ ಕೂತ್ಕೊಳ್ತು." ಹೊಸ ಹೆಸರು ಆಗಲೇ ಎಲ್ಲ ಚಾನೆಲ್‌ಗಳಿಗೂ ಹೋಗಿತ್ತು.

ಮೊದಲ ಸಂಜೆ ತಂಗಿ ಮನೆಯಲ್ಲಿದ್ದೆ. ಮಗು ಟಿವಿ ಮುಂದೆ ಕೂತಿತ್ತು. "ಪುಟಾಣಿಗಳೇ, ಈಗ ನಿಮ್ಮ ಮನೆಗೆ ಬರ್ತಿದ್ದಾನೆ ಮಕ್ಕಳ ಕಳ್ಳ!" ಅಂತ ಟಿವಿ ಕೂಗಿತು. ತಂಗಿ ಸೌಟು ಹಿಡ್ಕೊಂಡೇ ಅಡುಗೆಮನೆಯಿಂದ ಓಡಿ ಬಂದಳು.

"ಥೂ, ಇವರ ಬಾಯಿಗೆ ಮಣ್ಣು ಹಾಕ! ಕೂಸುಗಳಿಗೆ ಇಂಥದ್ದಾ ತೋರ್ಸೋದು?"

"ಲೇ, ಅದು ನಂದೇ ಕಣೇ!" ಅನ್ನೋಷ್ಟರಲ್ಲಿ ಟಿವಿ ಆರಿತ್ತು. ಒಡಹುಟ್ಟಿದವಳೇ ಹೀಗೆ ಮಾಡಿದ ಮೇಲೆ ಊರಿನ ತಾಯಂದಿರನ್ನು ಏನಂತ ಬಯ್ಯಲಿ?

ಇನ್ನೊಂದು ಸಂಜೆ ಅದೇ ಮನೆಯಲ್ಲಿದ್ದಾಗ ಸಾಹೇಬರ ಫೋನು ಬಂತು. "ನಿಮ್ಮದನ್ನ ಮಕ್ಕಳೇ ನೋಡ್ತಿಲ್ಲಮ್ಮ. ಮಕ್ಕಳು ನೋಡದ್ದು ಮಕ್ಕಳ ಕಾರ್ಯಕ್ರಮ ಹೇಗಾಗುತ್ತೆ? ಬಂದ್ ಮಾಡಿದೀವಿ. ನಿಮ್ಮ ಹೊತ್ತನ್ನೂ ಡಾಕ್ಟರಮ್ಮಂಗೇ ಕೊಟ್ವಿ."

ಫೋನು ಸೋಫಾ ಮೇಲೆ ಬಿಸಾಕಿ ಸಾಹೇಬರ ಏಳು ತಲೆಮಾರನ್ನೂ ಜಾಲಾಡಿದೆ. ಬಯ್ತಾ ಬಯ್ತಾನೇ ಅಳು ಬಂತು, ತಡೆಯೋಕಾಗಲಿಲ್ಲ.

ತಂಗಿ ಮಗಳು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ದೊಡ್ಡಮ್ಮ, ಮೈಯೆಲ್ಲಾ ಬಿಸಿ ಆಗ್ತಿದೆಯಾ? ಸುಮ್ಸುಮ್ನೆ ಸಿಟ್ಟು ಬಂದ್ರೆ, ಅಳು ಬಂದ್ರೆ, ಮುಟ್ಟು ನಿಲ್ತಾ ಇದೆ ಅಂತ ಅರ್ಥ. ಹೆದರ್ಕೋಬೇಡ."

"ಯಾರೇ ಹೇಳಿದ್ದು ನಿಂಗೆ ಇದನ್ನೆಲ್ಲ?"

"ಟಿವೀಲಿ. ಅಮ್ಮ ಈಗ ಮಕ್ಕಳ ಕಾರ್ಯಕ್ರಮ ಮಾತ್ರ ಹಾಕೋದು."