ಸಣ್ಣ ಕಡ್ಡಿ

"ತಲಿ ವಾಲಾಕತ್ತೈತಿ, ಹಿಡ್ಕೊಳ್ರಿ," ಎಂದಳು ನೆರೆಮನೆಯ ಮುದುಕಿ ಕೊಟ್ರಬಸಮ್ಮ.

ಹಾಲಸ್ವಾಮಿ ಗೆಳೆಯ ಮರಿಸ್ವಾಮಿಯ ಹೆಣದ ಗದ್ದವನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಹಣೆಗೆ ಸುತ್ತಿದ ಬಿಳಿ ಬಟ್ಟೆಯನ್ನು ಗೋಡೆಯ ಗೂಟಕ್ಕೆ ಬಿಗಿದ. ಹೆಣ ಈಗ ನೆಟ್ಟಗೆ ಕೂತಿತು. ಚಿತ್ತವಾಡ್ಗಿಯ ಆ ಗೇಣಗಲದ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಒಡಹುಟ್ಟಿದವ್ರೂ ಇಷ್ಟು ಮಾಡಂಗಿಲ್ಲ," ಮುದುಕಿ ಪಕ್ಕದವರಿಗೆ ಹೇಳುತ್ತಿದ್ದಳು. "ಕಣ್ಣು ಹೋದಾಗಿನಿಂದ ಕೈ ಹಿಡ್ಕೊಂಡು ಅಡ್ಡಾಡಿಸ್ಯಾನ. ಚಾದಂಗಡಿಗೂ ಇವನ, ಹೊಳಿ ಜಳಕಕ್ಕೂ ಇವನ."

ಈ ಹೊಗಳಿಕೆ ಕೇಳಿದಾಗಲೆಲ್ಲ ಹಾಲಸ್ವಾಮಿ ಮಾತನ್ನು ಬೇರೆಡೆಗೆ ತಿರುಗಿಸುತ್ತಿದ್ದ. ಸದ್ಯ, ಇವತ್ತು ಮರಿಸ್ವಾಮಿಗೆ ಕೇಳಿಸುವುದಿಲ್ಲವಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೇ ನಾಚಿಕೆಯಾಯಿತು.

ಮರಿಸ್ವಾಮಿ ಕೆಲಸಕ್ಕಿದ್ದ ಟಾಕೀಸಿನ ಮಾಲೀಕರೂ ಅಕ್ಕಿ ಗಿರಣಿಯವರೂ ಆದ ಜಡೆಪ್ಪ ಹೂವಿನ ಹಾರ ಹಿಡಿದು ಬಂದರು.

"ಭಾಳ ಛಲೋ ಮನುಷ್ಯ," ಎಂದರು ಕೂರುತ್ತ. "ಅವತ್ತೊಂದಿನ ಸಿನಿಮಾ ಯಂತ್ರಕ್ಕ ಕಡ್ಡಿ ತಪ್ಪು ಹಾಕಿ ಕಣ್ಣೂ ಕಳ್ಕೊಂಡ, ಕೆಲಸಾನೂ ಕಳ್ಕೊಂಡ. ಮೈಮ್ಯಾಲ ಎಚ್ಚರ ಇರಬೇಕಿತ್ತು."

ಮೂಲೆಯಲ್ಲಿದ್ದ ಪಂಪಮ್ಮ ತಲೆ ತಗ್ಗಿಸಿದಳು. ಗಂಡ ಸತ್ತ ದಿನವೂ ಅವಳಿಗೆ ಈ ಮಾತು ತಪ್ಪಲಿಲ್ಲ. ಹಾಲಸ್ವಾಮಿ ವಿಭೂತಿಯ ತಟ್ಟೆಯನ್ನು ಆಚೆಯಿಂದ ಈಚೆಗೆ ಸರಿಸಿದ.

*

ಕಣ್ಣು ಹೋದದ್ದು ಯುದ್ಧ ನಡೆಯುತ್ತಿದ್ದ ಕಾಲದಲ್ಲಿ. ಹೊಸಪೇಟೆ ಸ್ಟೇಷನ್ನಿನ ದಾರಿಯ ತಗಡಿನ ಟಾಕೀಸಿನಲ್ಲಿ ಮರಿಸ್ವಾಮಿ ಸಿನಿಮಾ ಯಂತ್ರ ಓಡಿಸುತ್ತಿದ್ದ. ಹಾಲಸ್ವಾಮಿ ಹಿತ್ತಲಲ್ಲಿ ಅದಕ್ಕೆ ಕರೆಂಟು ಕೊಡುವ ಎಣ್ಣೆ ಎಂಜಿನ್ನು, ಡೈನಮೋ ನೋಡಿಕೊಳ್ಳುತ್ತಿದ್ದ. ಯಂತ್ರದ ದೀಪವೆಂದರೆ ಎದುರುಬದುರು ಇಟ್ಟ ಎರಡು ಇದ್ದಲಿನ ಕಡ್ಡಿ. ಅವುಗಳ ತುದಿಗಳ ನಡುವೆ ಹೊತ್ತುವ ಬೆಂಕಿಯೇ ಪರದೆಗೆ ಬೆಳಕು. ಕಡ್ಡಿ ಸವೆದಂತೆಲ್ಲ ಕೈಯಿಂದ ಹತ್ತಿರ ಸರಿಸುತ್ತಿರಬೇಕು.

"ದಪ್ಪ ಕಡ್ಡಿಗೆ ತಗ್ಗು ಬೀಳಬೇಕು, ಬೆಳಕು ಬರೂದು ಆ ತಗ್ಗಿನಿಂದ. ಸಣ್ಣದು ಚೂಪಾಗಿ ಸವೀಬೇಕು," ಎಂದು ಮರಿಸ್ವಾಮಿ ಮೊದಲೇ ತೋರಿಸಿಕೊಟ್ಟಿದ್ದ. "ನೀ ತಂತಿ ಅದಲುಬದಲು ಕೊಟ್ಟಿ ಅಂದ್ರ ಸಣ್ಣ ಕಡ್ಡಿಗೆ ತಗ್ಗು ಬೀಳ್ತೈತಿ ನೋಡಲೇ. ತುದಿ ಮುಟ್ಟಿದ್ರ ಸಾಕು, ತಪ್ಪು ಯಾರದಂತ ಗೊತ್ತಾಗ್ತೈತಿ."

ಆ ಸಂಜೆ ಡೈನಮೋ ಬಿಚ್ಚಿ ಒರೆಸಿದ ಮೇಲೆ, ಜಡೆಪ್ಪನವರ ಗಡಿಬಿಡಿಗೆ ಬೆದರಿ ಹಾಲಸ್ವಾಮಿ ತಂತಿಗಳನ್ನು ಅದಲುಬದಲು ಬಿಗಿದುಬಿಟ್ಟ. ಆಟ ಶುರುವಾಯಿತು, ಪರದೆ ಮಂಕಾಯಿತು, ಜನ ಶಿಳ್ಳೆ ಹಾಕಿ ಬೆಂಚು ಬಡಿದರು. ದೀಪದ ಪೆಟ್ಟಿಗೆಗೆ ನೋಡಲೆಂದೇ ಕರಿ ಗಾಜಿನ ಕಿಂಡಿಯಿತ್ತು. ಅದರಲ್ಲಿ ಏನೂ ತಿಳಿಯದೆ ಮರಿಸ್ವಾಮಿ ಬಾಗಿಲನ್ನೇ ತೆರೆದು, ಬರಿಗಣ್ಣಿನಿಂದ ಆ ಬೆಂಕಿಯನ್ನು ನೋಡುತ್ತ ಕಡ್ಡಿ ಸರಿಸುತ್ತ ನಿಂತ.

ಹಿತ್ತಲಲ್ಲಿದ್ದ ಹಾಲಸ್ವಾಮಿಗೆ ಶಿಳ್ಳೆ ಕೇಳುತ್ತಲೇ ತನ್ನ ತಪ್ಪು ಹೊಳೆದಿತ್ತು. ಎಂಜಿನ್ನು ನಿಲ್ಲಿಸಿ ಹೇಳಬಹುದಿತ್ತು. ಪಕ್ಕದಲ್ಲೇ ಜಡೆಪ್ಪ ನಿಂತಿದ್ದರು. ವಿರಾಮದಲ್ಲಿ ಸರಿಮಾಡಿದರಾಯಿತು ಎಂದು ಸುಮ್ಮನಾದ.

ವಿರಾಮದಲ್ಲಿ ಗುಟ್ಟಾಗಿ ತಂತಿ ಬದಲಿಸಿದ. ಅತ್ತ ಮರಿಸ್ವಾಮಿ ಹಳೆಯವನ್ನು ತೆಗೆದು ಹೊಸ ಕಡ್ಡಿ ಹಾಕಿದ. ಬೆಳಕು ಹಾಲು ಚೆಲ್ಲಿದ ಹಾಗೆ ಬಂತು. ಅಂದಮೇಲೆ ತಪ್ಪು ಕಡ್ಡಿ ಹಾಕಿದವನದೇ ಎಂದು ಜಡೆಪ್ಪ ತೀರ್ಪು ಕೊಟ್ಟರು. ಮರಿಸ್ವಾಮಿ ಎದುರಾಡಲಿಲ್ಲ.

ಮರುದಿನ ಕಣ್ಣಿಗೆ ಮರಳು ಎರಚಿದಂಥ ಉರಿ. ಉರಿ ಇಳಿದ ಮೇಲೂ ನೋಟದ ನಟ್ಟನಡುವೆ ಒಂದು ಕಪ್ಪು ಉಳಿಯಿತು. ಯಾರನ್ನು ನೋಡಿದರೂ ಮುಖವಿರಬೇಕಾದಲ್ಲಿ ಅದೇ ಕಪ್ಪು.

ಆಮೇಲೊಮ್ಮೆ ಚಾದಂಗಡಿಯ ದಾರಿಯಲ್ಲಿ ಮರಿಸ್ವಾಮಿ ಕೇಳಿದ್ದ: "ನನ್ನ ಹಿಡಕೊಂಡಾಗೆಲ್ಲ ನಿನ್ನ ಕೈ ಯಾಕಲೇ ಹಿಂಗ ಬೆವರತೈತಿ?"

"ಬಿಸಲು ಭಾಳ ಐತಿ."

ಮರಿಸ್ವಾಮಿ ನಕ್ಕು, ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದ.

*

ಹೆಣ ಎತ್ತುವ ಹೊತ್ತಿಗೆ ಪಂಪಮ್ಮ ಅವನನ್ನು ಒಳಗೆ ಕರೆದು ಬಟ್ಟೆಯ ಸಣ್ಣ ಗಂಟು ಕೊಟ್ಟಳು.

"ಹಾಲಣ್ಣ, ಇದನ್ನ ಇವ್ರು ತಮ್ಮ ಜೋಡಿ ಮಣ್ಣಾಗ ಇಡಬೇಕಂತ ಹೇಳಿದ್ರು. ಯಾರ ಕೈಗೂ ಸಿಗಬಾರದಂತ. ಏನೋ ಇದ್ದಲಿ ತುಂಡು ಅದಾವು. ನೀನ ಇಟ್ಟುಬಿಡು."

ಹಾಲಸ್ವಾಮಿ ಗಂಟು ಬಿಚ್ಚಿದ. ಎರಡು ಕಡ್ಡಿಗಳ ತುಂಡು. ದಪ್ಪದರ ತುದಿ ಮೊನೆಯಾಗಿತ್ತು. ಸಣ್ಣದರ ತುದಿಯಲ್ಲಿ ತಗ್ಗು ಬಿದ್ದಿತ್ತು. ಬೆರಳಾಡಿಸಿ ಆಡಿಸಿ ಆ ತಗ್ಗಿನ ಅಂಚು ನುಣುಪಾಗಿತ್ತು.

ಆ ಸಂಜೆಯೇ ಮರಿಸ್ವಾಮಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಈ ಕೈ ಹಿಡಿದೇ ನಡೆದಿದ್ದ.

"ಏನಣ್ಣ ಅವು?" ಪಂಪಮ್ಮ ಕೇಳಿದಳು.

ಈಗ ಬಾಯಿ ಬಿಟ್ಟರೆ ಅವಳ ಗಂಡನ ಮೇಲಿನ ಕಳಂಕ ಅವನು ಮಣ್ಣಾಗುವ ಮೊದಲೇ ತೊಳೆದುಹೋಗುತ್ತಿತ್ತು.

"ಹಳೇ ಕಡ್ಡಿ, ತಂಗಿ," ಎಂದ.

ಕುಣಿಯೊಳಗಿನ ಗೂಡಿನಲ್ಲಿ ಮರಿಸ್ವಾಮಿಯನ್ನು ಕೂರಿಸಿದರು. ಅಯ್ಯನವರು ವಿಭೂತಿ, ಪತ್ರೆ ಏರಿಸಿದರು. ಹಾಲಸ್ವಾಮಿ ಎರಡೂ ಕಡ್ಡಿ ಬಲಗೈಯಲ್ಲಿ ಹಿಡಿದು ಅಂಚಿನಲ್ಲಿ ಮಂಡಿಯೂರಿದ.

"ಏನು ಅದು?" ಜಡೆಪ್ಪ ಬಗ್ಗಿ ನೋಡಿದರು.

"ಅವನ ದೀಪದ ಕಡ್ಡಿ, ಸಾವ್ಕಾರ್ರ."

"ಅವತ್ತು ತಪ್ಪು ಹಾಕಿದ್ವು ಇರಬೇಕು. ಪಾಪ, ಇಡು ಇಡು."

ಹಾಲಸ್ವಾಮಿ ಅವರ ಮುಖ ನೋಡಿದ. ಕುಣಿಯೊಳಗೆ ಕೈ ಇಳಿಬಿಟ್ಟ. ದಪ್ಪ ಕಡ್ಡಿ ಮರಿಸ್ವಾಮಿಯ ಮಡಿಲಿಗೆ ಬಿತ್ತು, ಸಣ್ಣದು ಮುಷ್ಟಿಯಲ್ಲೇ ಉಳಿಯಿತು. ಹಿಂದಿನವರು ಮಣ್ಣು ನೂಕಿದರು.

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು, ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೋಗಬೇಕು. ಹೊಸ್ತಿಲಲ್ಲಿ ಪಂಪಮ್ಮ ತಂಬಿಗೆ ಹಿಡಿದು ನಿಂತಿದ್ದಳು. ಹಾಲಸ್ವಾಮಿ ಎಡಗೈ ಒಡ್ಡಿದ. ಅವಳು ನೀರು ಹಾಕಿದಳು.

"ಆ ಕೈನೂ ಚಾಚಣ್ಣ. ನೀ ಇಲ್ಲದಿದ್ರ ನಮಗ ಯಾರಿದ್ರು."

ಅವನು ಬಲಗೈ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಅವಳು ಅದರ ಮೇಲೇ ನೀರು ಸುರಿದಳು. ಬೆರಳ ಸಂದಿಗಳಿಂದ ಕರಿ ನೀರು ಇಳಿದು ಹೊಸ್ತಿಲ ಕಲ್ಲಿನ ಮೇಲೆ ಹರಿಯಿತು. ಅವಳು ಸುರಿಯುತ್ತಲೇ ಇದ್ದಳು, ನೀರು ತಿಳಿಯಾಗಲಿಲ್ಲ.