ಅಂಗೈಯಗಲ ಹೊಗೆ

ಎಲ್ಲಿಂದ ಶುರು ಮಾಡುವುದು? ಟಾಕೀಸಿನ ಹೊರಗಿನಿಂದಲೇ? ಮೂಲೆಯೇ ಇಲ್ಲದ ಹಾಗೆ ದುಂಡಗೆ ತಿರುಗಿದ ಗೋಡೆ, ಹಡಗಿನಲ್ಲಿರುವಂಥ ಗುಂಡು ಕಿಟಕಿ, ನೆಲದ ಮೇಲೆ ಮಿಂಚಿನಂತೆ ಓಡುವ ಕರಿ-ಬಿಳಿ ಗೆರೆ. (ಇದಕ್ಕೆ ಆರ್ಟ್ ಡೆಕೊ ಎನ್ನುತ್ತಾರೆ. ಹೇಳಿಯಾಯಿತು, ಇನ್ನು ಹೇಳುವುದಿಲ್ಲ.)

ಬೇಡ. ಬ್ರೋಷರ್ ಆಯಿತು. ಹೊಡೆದುಹಾಕಿದೆ.

೧

ಹೆಂಗಸೊಬ್ಬಳು ಅಟ್ಟಣಿಗೆಯ ಮೇಲೆ ಅಂಗಾತ ಮಲಗಿ ಸೂರ್ಯನನ್ನು ಒರೆಸುತ್ತಿದ್ದಾಳೆ.

ಇದು ವಾಸಿ. ಸೂರ್ಯ ಗಾರೆಯಲ್ಲಿ ಮಾಡಿದವನು. ಪರದೆಯ ನೆತ್ತಿಯಲ್ಲಿ ಹುಟ್ಟಿ, ಚಾವಣಿಯುದ್ದಕ್ಕೂ ಬಾಲ್ಕನಿಯ ಕೊನೆಯ ಸಾಲಿನವರೆಗೆ ಕಿರಣ ಚಾಚಿದ್ದಾನೆ. ಹಳೆಯ ಕಟ್ಟಡಗಳ ಬಣ್ಣ ಶುಚಿ ಮಾಡುವುದು ಅವಳ ಕಸುಬು. ಊರಿಗೆಲ್ಲ ಇವನು ಚಿನ್ನದ ಸೂರ್ಯ. ಅವಳ ಹತ್ತಿಯುಂಡೆಗೆ ಅಂಟಿದ್ದು ಮಾತ್ರ ಕಂದು ಜಿಡ್ಡು, ಅದರಡಿಯಲ್ಲಿ ಬೆಳ್ಳಿ.

"ನಮ್ಮ ಚಿನ್ನಾನೆಲ್ಲ ಒರೆಸಿ ಬಿಸಾಕ್ತಿದ್ದೀಯಲ್ಲೇ!" ಕೆಳಗಿನಿಂದ ಟಾರ್ಚಕ್ಕ ಕೂಗಿದಳು. ಕತ್ತಲಲ್ಲಿ ಜನರಿಗೆ ಸೀಟು ತೋರಿಸುತ್ತಲೇ ತಲೆ ನರೆತವಳು.

"ಸಿಗರೇಟಿನ ಹೊಗೆ ಅಕ್ಕ ಅದು."

"ಹೊಗೆಯಾದ್ರೇನು, ನಮ್ಮ ಜನಾನೇ ಬಿಟ್ಟಿದ್ದು ತಾನೆ? ನಿನ್ನ ಗಂಡಂದೂ ಇದೆ ಅದರಲ್ಲಿ. ಕೊನೇ ಸಾಲಲ್ಲಿ ಕೂತು ಕದ್ದು ಸೇದೋನು. ಎಷ್ಟು ಸಲ ಮುಖಕ್ಕೆ ಟಾರ್ಚ್ ಬಿಟ್ಟಿಲ್ಲ ನಾನು!"

"ಪಕ್ಕದಲ್ಲಿ ನಾನೂ ಇದ್ದೆ."

"ಗೊತ್ತು. ನೀನು ಕೆಮ್ಮಿ ಕೆಮ್ಮಿನೇ ಅವನು ಸಿಕ್ಕಿಬೀಳ್ತಿದ್ದಿದ್ದು."

೨

ಗಂಡ ತೀರಿಕೊಂಡಿದ್ದು ಹೋದ ವರ್ಷ. ಇಲ್ಲಿ ಅವಳು ಅಳಬೇಕು. ಬರೆದೂ ಇಟ್ಟಿದ್ದೆ: ಹನಿಯೊಂದು ಕೆಳಗಿನ ಖಾಲಿ ಸೀಟಿನ ಮೇಲೆ...

"ಅಂಗಾತ ಮಲಗಿದವಳ ಕಣ್ಣೀರು ಕಿವಿಗೆ ಹೋಗುತ್ತೆ, ಸೀಟಿಗಲ್ಲ," ಎಂದಳು ಅವಳು, ನನಗೆ. "ಅಳು ಬರ್ತಿಲ್ಲ. ಕೆಲಸ ಚೆನ್ನಾಗಿ ಸಾಗ್ತಿದೆ. ಹಾಗೇ ಬರೀರಿ."

ಬರೆದೆ.

೩

(ಮಾಲೀಕರ ಭಾಷಣ. ಬಿಟ್ಟಿದ್ದೇನೆ. ಸಾರಾಂಶ: ರೀಓಪನಿಂಗ್ ದಿನ ಎಲ್ಲ ಫಳಫಳ ಅನ್ನಬೇಕು, ಒಂದು ಕಲೆಯೂ ಕಾಣಕೂಡದು.)

೪

ಅವಳ ಕಸುಬಿನಲ್ಲೊಂದು ರೂಢಿಯಿದೆ. ಎಲ್ಲ ಶುಚಿ ಮಾಡಿದ ಮೇಲೂ ಒಂದು ಚೂರನ್ನು ಮುಟ್ಟದೆ ಬಿಡುವುದು, ಮೊದಲು ಹೇಗಿತ್ತು ಎನ್ನುವುದಕ್ಕೆ ಸಾಕ್ಷಿಯಾಗಿ. ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಬಿಡುವುದು ವಾಡಿಕೆ. ಈ ಸಲ ಅವಳು ಅಟ್ಟಣಿಗೆಯನ್ನು ಕೊನೆಯ ಸಾಲಿಗೆ ತಳ್ಳಿಸಿ, ಅವರಿಬ್ಬರೂ ಕೂರುತ್ತಿದ್ದ ಸೀಟುಗಳ ನೇರ ಮೇಲೆ ಅಂಗೈಯಗಲ ಜಿಡ್ಡನ್ನು ಹಾಗೇ ಬಿಟ್ಟು ಸುತ್ತಲೂ ಒರೆಸಿದಳು. ಮಾಲೀಕರು ನೋಡಿದರೆ ಅದೂ ಹೋಯಿತು.

ಮುಂದೆ? ಮಾಲೀಕರು ಅದನ್ನು ಕಂಡು ಕೆಂಡವಾಗಬಹುದು. ಅಥವಾ ಅದೂ ಒಂದು ಡಿಸೈನ್ ಎಂದುಕೊಂಡು ಕೆಳಗೆ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು. (ಎರಡನೆಯದು ನನಗಿಷ್ಟ.)

"ಆ ಮನುಷ್ಯ ಮೇಲೆ ನೋಡಿದ್ದೇ ಇಲ್ಲ," ಎಂದಳು ಟಾರ್ಚಕ್ಕ. "ಕೌಂಟರ್ ಬಿಟ್ಟು ಕಣ್ಣೆತ್ತಿದ್ರೆ ತಾನೆ?"

೫

ರೀಓಪನಿಂಗ್. ಚಾವಣಿಯಂಚಿನಲ್ಲಿ ಅಡಗಿಸಿಟ್ಟ ದೀಪಗಳು ಹಳದಿಯಿಂದ ಗುಲಾಬಿಗೆ, ಗುಲಾಬಿಯಿಂದ ನೀಲಿಗೆ ಇಳಿದವು. ಅವಳು ಕೊನೆಯ ಸಾಲಿನಲ್ಲಿ ಆರಾಮಾಗಿ ಕೂತಿದ್ದಳು. ಟಾರ್ಚಕ್ಕ ಬಂದಳು. ಬೆಳಕನ್ನು ಮುಖಕ್ಕೆ ಬಿಡಲಿಲ್ಲ, ನೇರ ಮೇಲಕ್ಕೆ ಬಿಟ್ಟಳು. ಬೆಳ್ಳಿಯ ನಡುವೆ ಅಂಗೈಯಗಲ ಚಿನ್ನ.

"ಏ, ಸಿಗರೇಟು ಆರಿಸೋ!" ಎಂದು ಚಾವಣಿಯನ್ನು ಗದರಿದಳು.

ಸೀಟಿನಲ್ಲಿದ್ದ ಅವಳು ಕೆಮ್ಮಿದಳು.

ಈಗ ಕಥೆ ಮುಗಿಸಿಬಿಡೋಣ ಎಂದು ನಾನು ಎದ್ದು ನಿಂತೆ. ಟಾರ್ಚ್ ನನ್ನ ಮುಖಕ್ಕೆ ತಿರುಗಿತು.

"ಅಡ್ಡ ನಿಲ್ಬೇಡ, ಕೂತ್ಕೊಳ್ಳಮ್ಮ. ಇನ್ನೂ ಶುರುವಾಗ್ಬೇಕು."